ಇಳಿಸಿದ ಲೈಫ್‌ಬೋಟನ್ನು ಮತ್ತೆ ಮೇಲೆತ್ತುವಾಗ

ಪ್ರಶ್ನೆ: ನಾನು ಹೊನ್ನಾವರದ ಕಡೆಯವನು. ಒಂದು ಕಂಟೇನರ್ ಹಡಗಿನಲ್ಲಿ ಡೆಕ್ ಕೆಡೆಟ್ ಆಗಿ ಸೇರಿ ಐದು ತಿಂಗಳಾಯಿತು. ಹೋದ ತಿಂಗಳು ಲಂಗರು ಹಾಕಿದ್ದಾಗ ಡ್ರಿಲ್ ಮಾಡಿ ಲೈಫ್‌ಬೋಟನ್ನು ನೀರಿಗಿಳಿಸಿದೆವು. ಇಳಿಸಲು ಐದು ನಿಮಿಷವೂ ಹಿಡಿಯಲಿಲ್ಲ. ಮೇಲೆತ್ತಲು ಒಂದು ಗಂಟೆ ಮೀರಿತು. ಬೋಟಿನ ಮುಂದಿನ ತುದಿಯ ಹುಕ್ ಸಿಕ್ಕಿಸಿದರೆ ಹಿಂದಿನದು ಕೈಗೆ ಸಿಗುತ್ತಿರಲಿಲ್ಲ. ಎತ್ತುವ ವೈರಿನಲ್ಲಿ ತೂಗಾಡುತ್ತಿದ್ದ ಬ್ಲಾಕ್ (ಕಬ್ಬಿಣದ ರಾಟೆ) ನನ್ನ ತಲೆಯ ಪಕ್ಕದಲ್ಲೇ ಹಾದುಹೋಯಿತು. ಕೊನೆಗೂ ಎರಡೂ ಸಿಕ್ಕಿಸಿ, ಐದು ಜನ ಒಳಗೇ ಕೂತು ಒಂದೇ ಎಳೆತಕ್ಕೆ ಮೇಲೆ ಬಂದೆವು. ಆ ಹೊತ್ತಿಗೆ ನನ್ನ ಕೈಕಾಲು ತಣ್ಣಗಾಗಿತ್ತು. ಈ ಭಯ ಸರಿಯೇ? ಅಲ್ಲಿ ಕೂತಿದ್ದ ನಾನು ಏನನ್ನು ನೋಡಬೇಕಿತ್ತು?

ಉತ್ತರ: ಭಯ ಸರಿಯಾದದ್ದೇ. ಅದನ್ನು ಮುಚ್ಚಿಡಬೇಡಿ. ಬೋಟ್ ಡೆಕ್ಕಿನಲ್ಲಿ ನಿಂತು ನಾನು ಎಷ್ಟೋ ಬೋಟುಗಳನ್ನು ಎತ್ತಿಸಿದ್ದೇನೆ. ಬೋಟು ನೀರು ಬಿಟ್ಟು ಏಳುವ ಕ್ಷಣದಲ್ಲಿ ಪ್ರತಿ ಸಲವೂ ಉಸಿರು ಬಿಗಿಹಿಡಿದಿದ್ದೇನೆ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಆ ಭಯ ಕೆಲಸಕ್ಕೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬೋಟು ನೀರಿನಿಂದ ಒಂದು ಮೊಳ ಮೇಲೆದ್ದ ಕೂಡಲೇ ವಿಂಚ್, ಅಂದರೆ ವೈರ್ ಸುತ್ತಿ ಎಳೆಯುವ ಯಂತ್ರ, ನಿಲ್ಲಿಸಬೇಕು. ಎರಡೂ ಹುಕ್ ಪೂರ್ತಿ ಕೂತಿವೆಯೇ ಎಂದು ಕಣ್ಣಾರೆ ನೋಡಬೇಕು. ಆಮೇಲೆಯೇ ಮುಂದಿನ ಮಾತು. ನೀವು 'ಒಂದೇ ಎಳೆತಕ್ಕೆ ಮೇಲೆ ಬಂದೆವು' ಎಂದು ಬರೆದಿದ್ದೀರಿ. ತೂಗಾಡಿದ ಬ್ಲಾಕಿಗಿಂತ ಆ ಮಾತೇ ನನಗೆ ಜಾಸ್ತಿ ಕಳವಳ ತಂದಿತು.

ಇಳಿಸುವುದು ಸುಲಭ, ಎತ್ತುವುದು ಕಷ್ಟ. ಯಾಕೆ ಹೀಗೆ? ಬೋಟನ್ನೂ ಅದನ್ನು ತೂಗಿ ಹಿಡಿಯುವ ತೋಳಾದ ಡೇವಿಟ್ಟನ್ನೂ ಮಾಡಿರುವುದೇ ಕೆಳಗೆ ಹೋಗಲಿ ಅಂತ. ಹಡಗು ಮುಳುಗುವ ಹೊತ್ತಿನಲ್ಲಿ ಕರೆಂಟ್ ಇರುತ್ತದೆ ಎಂದು ಯಾರೂ ನಂಬುವ ಹಾಗಿಲ್ಲ. ಅದಕ್ಕೇ ಬೋಟು ತನ್ನ ಭಾರದಿಂದಲೇ ಇಳಿಯಬೇಕು, ಒಬ್ಬನೇ ಬ್ರೇಕ್ ಎತ್ತಿದರೂ ಸಾಕಾಗಬೇಕು. ಹಡಗು ಪಕ್ಕಕ್ಕೆ 20 ಡಿಗ್ರಿ ವಾಲಿದರೂ, ಮುಂದಕ್ಕೋ ಹಿಂದಕ್ಕೋ 10 ಡಿಗ್ರಿ ಬಗ್ಗಿದರೂ ಇಳಿಯಬೇಕು. ಇದು ನಿಯಮ. ಮೇಲೆ ಬರುವ ದಾರಿಗೆ ಇಂಥ ಆಸರೆ ಯಾವುದೂ ಇಲ್ಲ. ನಿಜವಾದ ಆಪತ್ತಿನಲ್ಲಿ ಬೋಟನ್ನು ವಾಪಸ್ ಎತ್ತುವ ಪ್ರಶ್ನೆಯೇ ಬರುವುದಿಲ್ಲ, ಅಲ್ವಾ? ಎತ್ತುವ ಕೆಲಸ ಬರುವುದು ಡ್ರಿಲ್‌ನಲ್ಲಿ. ಸಮುದ್ರದಲ್ಲಿ ಜೀವರಕ್ಷಣೆಗಾಗಿ ಇರುವ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಪ್ರತಿ ಲೈಫ್‌ಬೋಟನ್ನು ನೀರಿಗಿಳಿಸಿ ಓಡಿಸಬೇಕು. ಇಳಿಸಿದ್ದನ್ನು ಎತ್ತಲೇಬೇಕು.

ನಮ್ಮ ಕರಾವಳಿಯಲ್ಲಿ ದೋಣಿ ದಡಕ್ಕೆ ಹತ್ತಿಸುವುದನ್ನು ನೀವು ನೋಡಿಯೇ ಇರುತ್ತೀರಿ. ನೀರಿಗೆ ತಳ್ಳುವಾಗ ನಾಲ್ಕು ಜನ ಸಾಕು. ಮರಳಿನ ಮೇಲೆ ಎಳೆಯುವಾಗ ಊರವರೆಲ್ಲ ಬಂದು ಭುಜ ಕೊಡುತ್ತಾರೆ. ಎಲ್ಲರೂ ಒಂದೇ ಕೂಗಿಗೆ ಎಳೆಯುತ್ತಾರೆ. ಬೋಟ್ ಡೆಕ್ಕಿನಲ್ಲಿ ಭುಜದ ಬದಲು ವಿಂಚ್ ಇದೆ. ಆ ಒಂದೇ ಕೂಗು ಮಾತ್ರ ಅಲ್ಲೂ ಬೇಕು.

ಬ್ರಿಟನ್ನಿನ ಹಡಗು ಅಪಘಾತ ತನಿಖಾ ಸಂಸ್ಥೆ 2001ರಲ್ಲಿ ಹತ್ತು ವರ್ಷಗಳ ಲೈಫ್‌ಬೋಟ್ ಅಪಘಾತಗಳನ್ನು ಒಟ್ಟಿಗೆ ಇಟ್ಟು ನೋಡಿತು. 12 ನಾವಿಕರು ಸತ್ತಿದ್ದರು, 87 ಜನರಿಗೆ ಗಾಯವಾಗಿತ್ತು. ಎಲ್ಲವೂ ಆದದ್ದು ಡ್ರಿಲ್ ಅಥವಾ ಪರೀಕ್ಷೆಯ ಹೊತ್ತಿನಲ್ಲಿ. ಕೆಲಸ ಮಾಡುತ್ತಿದ್ದವರು, ಮಾಡಿಸುತ್ತಿದ್ದವರು ಅನುಭವ ಇದ್ದವರೇ. ಜೀವ ಉಳಿಸಲೆಂದು ಇಟ್ಟ ಬೋಟಿನಲ್ಲಿ, ಜೀವ ಉಳಿಸುವುದನ್ನು ಕಲಿಯುತ್ತಿದ್ದಾಗಲೇ ಜನ ಸತ್ತರು. ಈ ಲೆಕ್ಕ ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಗ ಹುಕ್ಕಿನ ವಿಷಯಕ್ಕೆ ಬರೋಣ. ಅದರ ಕಥೆ ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಕೀಲಂಡ್ ಎಂಬ ತೇಲುವ ವಸತಿ ವೇದಿಕೆ ಬಿರುಗಾಳಿಗೆ ಸಿಕ್ಕಿ ಮಗುಚಿತು. 212 ಜನರಲ್ಲಿ 123 ಜನ ಸತ್ತರು. ನಾಲ್ಕು ಲೈಫ್‌ಬೋಟುಗಳನ್ನು ಇಳಿಸಿದ್ದರು. ಸಮಯಕ್ಕೆ ವೈರಿನಿಂದ ಬಿಡಿಸಿಕೊಂಡದ್ದು ಒಂದೇ. ಆಗಿನ ಹುಕ್‌ಗಳು ಭಾರ ಇರುವಾಗ ತೆರೆಯುತ್ತಿರಲಿಲ್ಲ. ಅಲೆಗೆ ಬೋಟು ಏರಿಳಿಯುತ್ತಿತ್ತು, ವೈರ್ ಬಿಗಿಯುತ್ತಿತ್ತು, ಹುಕ್ ಬಿಡುತ್ತಿರಲಿಲ್ಲ. ಇಂಥ ಅನುಭವಗಳಿಂದ ಭಾರ ಇದ್ದಾಗಲೂ ತೆರೆಯಬಲ್ಲ ಹುಕ್ ಬೇಕು ಎಂಬ ನಿಯಮ ಬಂತು. 1986ರ ಜುಲೈಯಿಂದ ಹೊಸ ಹಡಗುಗಳಿಗೆ ಅದು ಕಡ್ಡಾಯವಾಯಿತು. ಬೋಟಿನೊಳಗೆ ಕಾಕ್ಸನ್ (ಬೋಟು ನಡೆಸುವವನು) ಪಕ್ಕದಲ್ಲಿ ಒಂದು ಹ್ಯಾಂಡಲ್ ಇರುತ್ತದೆ. ಅದನ್ನು ಎಳೆದರೆ ಎರಡೂ ಹುಕ್ ಒಟ್ಟಿಗೆ ಬಿಡುತ್ತವೆ.

ಬೋಟು ನೀರಲ್ಲಿರುವಾಗ ಇದು ಜೀವ ಉಳಿಸುವ ಹುಕ್. ಅದೇ ಬೋಟು ಹದಿನೈದು ಮೀಟರ್ ಎತ್ತರದಲ್ಲಿ ತೂಗುತ್ತಿರುವಾಗ, ಭಾರ ಹೊತ್ತೇ ತೆರೆಯಬಲ್ಲ ಹುಕ್ ನಿಮ್ಮ ತಲೆಯ ಮೇಲಿದೆ ಎಂದಾಯಿತು. ಇಳಿಯುವಾಗ ಅದು ಹಿಂದಿನ ಸಲ ಯಾರೋ ಸರಿಯಾಗಿ ಕೂರಿಸಿ ಇಟ್ಟ ಹುಕ್. ಏರುವಾಗ ಅದು ಈಗಷ್ಟೇ, ಅಲೆಯಲ್ಲಿ, ಒದ್ದೆ ಕೈಯಲ್ಲಿ, ಅವಸರದಲ್ಲಿ ಕೂರಿಸಿದ ಹುಕ್.

ಒಳಗೆ ನಡೆಯುವುದು ಇಷ್ಟು. ಹುಕ್ಕಿನ ಬಾಲದ ಭಾಗವನ್ನು ಕ್ಯಾಮ್ ಎಂಬ ತುಂಡು ಒತ್ತಿ ಹಿಡಿದಿರುತ್ತದೆ. ಅದೊಂದು ದುಂಡನೆಯ ಶಾಫ್ಟ್, ಒಂದು ಬದಿ ಕತ್ತರಿಸಿರುತ್ತದೆ. ಅದು ಪೂರ್ತಿ ತಿರುಗಿದ್ದರೆ ಹುಕ್ ಅಲುಗಾಡುವುದಿಲ್ಲ. ಅರ್ಧ ತಿರುಗಿದ್ದರೆ ಬಾಲ ಅದರ ಅಂಚಿನಲ್ಲಿ ನಿಂತಿರುತ್ತದೆ. ಹೊರಗಿನಿಂದ ನೋಡಿದರೆ ಹುಕ್ ಮುಚ್ಚಿದ ಹಾಗೇ ಕಾಣುತ್ತದೆ. ಕ್ಯಾಮನ್ನು ತಿರುಗಿಸುವುದು ಹ್ಯಾಂಡಲಿನಿಂದ ಬರುವ ಕೇಬಲ್. ಮುಂದಿನ ಹುಕ್ಕಿನ ಕೇಬಲ್ ಉದ್ದ. ಅದಕ್ಕೆ ತುಕ್ಕು ಹಿಡಿದಿದ್ದರೆ, ಎಲ್ಲಾದರೂ ಮಡಚಿದ್ದರೆ, ಹ್ಯಾಂಡಲ್ ಜಾಗಕ್ಕೆ ಬಂದರೂ ಮುಂದಿನ ಕ್ಯಾಮ್ ಪೂರ್ತಿ ತಿರುಗಿರುವುದಿಲ್ಲ.

ನನಗೆ ಇದು ಒಮ್ಮೆ ಕಣ್ಣೆದುರೇ ಆಯಿತು. ಆಗ ನಾನು ಸೆಕೆಂಡ್ ಆಫೀಸರ್. ಬೋಟಿನೊಳಗೇ ಇದ್ದೆ. ಕಾಕ್ಸನ್ ಹ್ಯಾಂಡಲ್ ಹಾಕಿ, ಪಿನ್ ಹಾಕಿ, 'ಲಾಕ್ಡ್' ಎಂದ. ಬೋಟು ನೀರು ಬಿಟ್ಟಿತು, ನಿಂತಿತು. ನಾನು ಮುಂದಿನ ಕಿಟಕಿಯ ಹತ್ತಿರ ಟಾರ್ಚ್ ಬಿಟ್ಟು ನೋಡಿದೆ. ಕ್ಯಾಮಿನ ಮೇಲೆ ಒಂದು ಗೆರೆ, ಹುಕ್ಕಿನ ಪಕ್ಕದ ತಗಡಿನ ಮೇಲೆ ಇನ್ನೊಂದು ಗೆರೆ. ಎರಡೂ ಕೂಡಬೇಕು. ಕೂಡಿರಲಿಲ್ಲ. ಮಧ್ಯೆ ಒಂದು ಹೆಬ್ಬೆರಳಿನಷ್ಟು ಅಂತರವಿತ್ತು. ಅದೂ ಸಲೀಸಾಗಿ ಕಾಣುತ್ತಿರಲಿಲ್ಲ. ಯಾರೋ ಬಣ್ಣ ಹೊಡೆಯುವಾಗ ಗೆರೆಯ ಮೇಲೂ ಹೊಡೆದುಬಿಟ್ಟಿದ್ದರು. ನಾನು ಬೆರಳಿನಲ್ಲಿ ತಡವಿ ಹುಡುಕಿದ್ದು. ಬೋಟನ್ನು ಅಲ್ಲೇ ವಾಪಸ್ ನೀರಿಗೆ ಬಿಟ್ಟೆವು. ಕೇಬಲ್ ಅಲುಗಾಡಿಸಿ, ಮತ್ತೆ ಮೊದಲಿನಿಂದ ಕೂರಿಸಿ, ಗೆರೆ ಕೂಡಿದ ಮೇಲೆ ಎತ್ತಿದೆವು. ಅವತ್ತು ನಾವು ನೀರಿನಿಂದ ಒಂದು ಮೊಳ ಎತ್ತರದಲ್ಲಿ ಇದ್ದೆವು. ಹುಕ್ ಬಿಟ್ಟಿದ್ದರೂ ಬೋಟು ನೀರಿಗೆ ಧಪ್ಪೆಂದು ಕೂತು ನಮ್ಮ ಬಟ್ಟೆ ಒದ್ದೆಯಾಗುತ್ತಿತ್ತು, ಅಷ್ಟೆ. ಡೆಕ್ಕಿನ ಮಟ್ಟದಲ್ಲಿ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಇಂಥ ಹುಕ್‌ಗಳ ಮೇಲೆ ದೂರು ಬಂದು ಬಂದು, 2011ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆ (ಐಎಂಒ) ನಿಯಮ ಬಿಗಿ ಮಾಡಿತು. ಭಾರ ಬಿದ್ದಾಗ ತಾನಾಗಿ ತೆರೆಯುವ ಕಡೆಗೆ ಜಾರಬಲ್ಲ ಹಳೆಯ ಮಾದರಿಗಳನ್ನು ತೆಗೆಯಬೇಕು ಅಥವಾ ಸರಿಪಡಿಸಬೇಕು ಎಂದಿತು. ಅದಕ್ಕೆ ಕೊನೆಯ ಗಡುವು 2019ರ ಜುಲೈ 1. ಹಾಗಾಗಿ ನಿಮ್ಮ ಹಡಗಿನ ಹುಕ್ ನಾನು ಹೇಳಿದ್ದಕ್ಕಿಂತ ಒಳ್ಳೆಯದಿರುತ್ತದೆ. ಆದರೂ ಗೆರೆ ನೋಡುವುದನ್ನು ಬಿಡಬೇಡಿ. ಒಳ್ಳೆಯ ಹುಕ್ ಕೂಡ ಪೂರ್ತಿ ಕೂತಾಗ ಮಾತ್ರ ಒಳ್ಳೆಯದು.

ಕೂರಿಸುವ ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಿ. ಇದು ಬ್ಲಾಕಿನ ಕೆಳಗೆ ಹೋಗುವ ಮೊದಲೇ ಮುಗಿದಿರಬೇಕು. ಮೊದಲು ಎರಡೂ ಹುಕ್‌ಗಳನ್ನು ಕೈಯಿಂದ ಎತ್ತಿ ಜಾಗಕ್ಕೆ ತರಬೇಕು. ಆಮೇಲೆ ಹ್ಯಾಂಡಲ್ ಹಾಕಿ ಕ್ಯಾಮ್ ತಿರುಗಿಸಬೇಕು. ಆಮೇಲೆ ಪಿನ್. ಹ್ಯಾಂಡಲ್ ಅರ್ಧದಲ್ಲಿ ನಿಂತರೆ, ಪಿನ್ ತೂತಿಗೆ ಹೋಗದಿದ್ದರೆ, ಯಾವುದೋ ಒಂದು ಹುಕ್ ಕೂತಿಲ್ಲ ಎಂದೇ ಅರ್ಥ. ಸುಮ್ನೆ ಬಲ ಹಾಕಿ ಒತ್ತಬೇಡಿ, ಸುತ್ತಿಗೆಯಿಂದ ಬಡಿಯಬೇಡಿ. ಅದು ನಿಮಗೆ ಏನೋ ಹೇಳುತ್ತಿದೆ. ನೀರಿನ ಒತ್ತಡಕ್ಕೆ ಕೆಲಸ ಮಾಡುವ ಇನ್ನೊಂದು ಲಾಕ್ ಇರುತ್ತದೆ, ಹೈಡ್ರೋಸ್ಟ್ಯಾಟಿಕ್ ಇಂಟರ್‌ಲಾಕ್ ಅಂತ. ಬೋಟು ನೀರಲ್ಲಿದ್ದಾಗ ಅದು ಹ್ಯಾಂಡಲನ್ನು ಬಿಡುತ್ತದೆ, ಗಾಳಿಯಲ್ಲಿದ್ದಾಗ ಹಿಡಿಯುತ್ತದೆ. ನೀರು ಬಿಟ್ಟು ನಿಂತಾಗ ಅದೂ ತನ್ನ ಜಾಗಕ್ಕೆ ಬಂತೇ ಎಂದು ನೋಡಿ.

ಇನ್ನು ನಿಮ್ಮನ್ನು ಒಂದು ಗಂಟೆ ಕಾಡಿದ ವಿಷಯ: ಒಂದು ಹುಕ್ ಸಿಕ್ಕರೆ ಇನ್ನೊಂದು ಸಿಗದಿರುವುದು.

ಮುಂದಿನದನ್ನೇ ಮೊದಲು ಸಿಕ್ಕಿಸಿದ್ದು ಸರಿ. ಹಿಂದಿನದು ಮೊದಲು ಸಿಕ್ಕಿದರೆ ಮೂತಿ ಹೊರಕ್ಕೆ ತಿರುಗಿ ಬೋಟು ಅಲೆಗೆ ಅಡ್ಡ ಬೀಳುತ್ತದೆ. ಆದರೆ ಹುಕ್ಕಿಗೂ ಮೊದಲು ಪೇಂಟರ್ ಹಗ್ಗ ಬರಬೇಕು. ಡೆಕ್ಕಿನಿಂದ ಮುಂದಕ್ಕೆ ಕಟ್ಟಿದ ಆ ಹಗ್ಗವನ್ನು ಬೋಟಿನ ಮೂತಿಗೆ ಹಾಕಿಕೊಂಡರೆ, ಬೋಟು ಹಡಗಿನ ಉದ್ದಕ್ಕೆ ಸಮವಾಗಿ ನಿಲ್ಲುತ್ತದೆ. ಆಗ ಎಂಜಿನ್ನಿನಿಂದ ಚೂರು ಮುಂದೆ, ಚೂರು ಹಿಂದೆ ಮಾಡಿದರೆ ಎರಡೂ ಬ್ಲಾಕ್ ತಲೆಯ ಮೇಲೇ ಇರುತ್ತವೆ. ನಿಮ್ಮ ಪತ್ರದಲ್ಲಿ ಪೇಂಟರಿನ ಮಾತೇ ಇಲ್ಲ. ಬಹುಶಃ ಬರೀ ಚುಕ್ಕಾಣಿಯನ್ನು ನಂಬಿ ನಿಲ್ಲಿಸಲು ಹೋದಿರಿ. ಮುಚ್ಚಿದ ಲೈಫ್‌ಬೋಟನ್ನು ಗಾಳಿ ಬೇಗ ತಳ್ಳುತ್ತದೆ. ಒಳಗೆ ಕೂತ ಕಾಕ್ಸನ್‌ಗೆ ಸಣ್ಣ ಕಿಟಕಿಯಿಂದ ಬ್ಲಾಕ್ ಕಾಣುವುದೂ ಕಷ್ಟ.

ಸ್ವೆಲ್ (ಉದ್ದನೆಯ ಉಬ್ಬುವ ಅಲೆ) ಇದ್ದರೆ ಬ್ಲಾಕನ್ನು ಎಷ್ಟು ಇಳಿಸುತ್ತೀರಿ ಅನ್ನುವುದೇ ದೊಡ್ಡ ವಿಷಯ. ವೈರ್ ಬಿಗಿಯಿದ್ದು ಬೋಟು ಅಲೆಯ ತಗ್ಗಿಗೆ ಬಿದ್ದರೆ ಒಂದು ಜಗ್ಗು ಬರುತ್ತದೆ. ಆ ಜಗ್ಗು ಬೋಟಿನ ತೂಕಕ್ಕಿಂತ ಎಷ್ಟೋ ಜಾಸ್ತಿ. ಒಂದೇ ಹುಕ್ ಸಿಕ್ಕಿರುವಾಗ ಈ ಜಗ್ಗು ಬಂದರೆ ಇನ್ನೂ ಕೆಟ್ಟದ್ದು. ಹಾಗಂತ ವೈರನ್ನು ತೀರ ಸಡಿಲ ಬಿಟ್ಟರೆ, ನಿಮಗೆ ಆದ ಹಾಗೆ ಬ್ಲಾಕ್ ತೂಗಾಡಿ ತಲೆ ಒಡೆಯಲು ಬರುತ್ತದೆ. ಕಬ್ಬಿಣದ ಆ ಬ್ಲಾಕಿಗೆ ಒಂದು ಗಿಡ್ಡ ಹಗ್ಗ ಕಟ್ಟಿಟ್ಟಿದ್ದರೆ ಅದನ್ನು ಹಿಡಿದು ಎಳೆಯಬಹುದು. ಕೈಯನ್ನು ಬ್ಲಾಕಿನ ಕೆಳಗಿನ ಬಳೆಯೊಳಗೆ, ಅಂದರೆ ಲಿಂಕಿನೊಳಗೆ, ಹಾಕುವ ಅಗತ್ಯವೇ ಬರುವುದಿಲ್ಲ. ಲಿಂಕಿಗೂ ಹುಕ್ಕಿಗೂ ಮಧ್ಯೆ ಸಿಕ್ಕ ಬೆರಳು ಉಳಿಯುವುದಿಲ್ಲ. ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಬಿಗಿದಿರಲಿ. ಸಿಕ್ಕಿಸುವ ಮೊದಲು ತಲೆಯೆತ್ತಿ ವೈರ್ ನೋಡಿ. ಬ್ಲಾಕ್ ಒಂದು ಸುತ್ತು ಹೊರಳಿದ್ದರೆ ಮೇಲಿನ ವೈರುಗಳು ಹೆಣೆದುಕೊಂಡಿರುತ್ತವೆ. ಹಾಗೇ ಎತ್ತಿದರೆ ವೈರ್ ಹಾಳು.

ಐದು ನಿಮಿಷ ಹೆಣಗಿದರೂ ಎರಡನೆಯದು ಸಿಗಲಿಲ್ಲವೇ? ಮುಂದಿನದನ್ನೂ ಬಿಡಿಸಿ, ದೂರ ಹೋಗಿ, ಒಂದು ಸುತ್ತು ಹಾಕಿ ಮತ್ತೆ ಬನ್ನಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ಅಷ್ಟರಲ್ಲಿ ಕ್ಯಾಪ್ಟನ್ ಹಡಗನ್ನು ಸ್ವಲ್ಪ ತಿರುಗಿಸಿ ನಿಮ್ಮ ಕಡೆಗೆ ಗಾಳಿ ಮರೆ ಮಾಡಿಕೊಡಬಹುದು. ಎಂಜಿನ್ ರೂಮಿನ ನೀರು ಹೊರಗೆ ಬೀಳುವ ಜಾಗ ನಿಮ್ಮ ತಲೆಯ ಮೇಲೆ ಇದ್ದರೆ ಅದನ್ನೂ ನಿಲ್ಲಿಸಬಹುದು. ಸಮುದ್ರ ತೀರ ಒರಟಾಗಿದ್ದರೆ ಅವತ್ತು ಬೋಟು ಇಳಿಸಲೇಬಾರದಿತ್ತು. ಎತ್ತುವುದಕ್ಕೆ ಆಗುತ್ತದೆಯೇ ಎಂದು ಇಳಿಸುವ ಮೊದಲೇ ಕೇಳಿಕೊಳ್ಳಬೇಕು. ರೆಸ್ಕ್ಯೂ ಬೋಟ್ ಬೇರೆ ಮಾತು. ಅದು ಜನರನ್ನು ಎತ್ತಿಕೊಂಡು ವಾಪಸ್ ಬರಲೆಂದೇ ಇರುವುದು. ಸಾಧಾರಣ ಅಲೆಯಲ್ಲಿ ಐದು ನಿಮಿಷದೊಳಗೆ ಮೇಲೆ ಬರಬೇಕೆಂದು ನಿಯಮವಿದೆ. ಒರಟು ಸಮುದ್ರಕ್ಕೆಂದು ಅದಕ್ಕೆ ಬೇರೆ ಪಟ್ಟಿಗಳನ್ನೂ ಕೊಟ್ಟಿರುತ್ತಾರೆ.

ಎರಡೂ ಸಿಕ್ಕಿದ ಮೇಲೆ ಬೋಟು ಅಲೆಯ ನೆತ್ತಿಗೆ ಏರುವಾಗ ವಿಂಚ್ ಶುರುವಾಗಬೇಕು. ಎರಡೂ ವೈರ್ ಒಟ್ಟಿಗೆ ಬಿಗಿಯಬೇಕು. ಒಂದು ಮೊಳ ಎದ್ದಾಗ ನಿಲುಗಡೆ. ಮುಂದಿನ ಹುಕ್ಕಿನ ಹತ್ತಿರ ಒಬ್ಬ, ಹಿಂದಿನದರ ಹತ್ತಿರ ಒಬ್ಬ, ಗೆರೆ ನೋಡಿ ಗಟ್ಟಿಯಾಗಿ ಹೇಳಬೇಕು. ಕಾಕ್ಸನ್ ಹ್ಯಾಂಡಲ್, ಪಿನ್, ಇಂಟರ್‌ಲಾಕ್ ನೋಡಿ ಹೇಳಬೇಕು. ಮೂರೂ ಮಾತು ವಾಕಿಟಾಕಿಯಲ್ಲಿ ಮೇಲಕ್ಕೆ ಹೋದ ಮೇಲೆಯೇ ಸಾರಂಗ (ಡೆಕ್ ಕೆಲಸಗಾರರ ಮುಖ್ಯಸ್ಥ) ಮತ್ತೆ ಬಟನ್ ಒತ್ತಬೇಕು. ಇದಕ್ಕೆ ಒಂದೂವರೆ ನಿಮಿಷ ಹಿಡಿಯುತ್ತದೆ.

ಫಾಲ್ ಪ್ರಿವೆಂಟರ್ ಬಗ್ಗೆ ನಿಮಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಹುಕ್ ಅಕಸ್ಮಾತ್ ಬಿಟ್ಟರೂ ಬೋಟು ಬೀಳದ ಹಾಗೆ ಹಾಕುವ ಒಂದು ಪಟ್ಟಿ ಅಥವಾ ಪಿನ್ ಅದು. 2009ರಿಂದ ಐಎಂಒ ಅದಕ್ಕೆ ಸೂಚನೆ ಕೊಟ್ಟಿದೆ. ನಿಮ್ಮ ಹಡಗಿನಲ್ಲಿ ಇದ್ದರೆ, ಭಾರ ಪೂರ್ತಿ ಬೀಳುವ ಮೊದಲೇ ಎರಡೂ ತುದಿಗೆ ಹಾಕಿ. ಬೋಟು ಮೇಲೆ ಬಂದು ಭದ್ರವಾದ ಮೇಲೆ ಅದನ್ನು ಏನು ಮಾಡಬೇಕೆಂದು ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಅದನ್ನು ಓದಿಕೊಳ್ಳಿ. ನಿಜವಾದ ಆಪತ್ತಿನಲ್ಲಿ ಅದು ಮರೆತು ಉಳಿದಿದ್ದರೆ ಬೋಟು ನೀರಲ್ಲಿ ಬಿಡುವುದೇ ಇಲ್ಲ.

ಹುಕ್ ಸರಿಯಿದ್ದರೂ ವೈರ್ ಕೈಕೊಡಬಹುದು. 2013ರ ಫೆಬ್ರವರಿ 10ರಂದು ಕ್ಯಾನರಿ ದ್ವೀಪಗಳ ಲಾ ಪಾಲ್ಮಾ ಬಂದರಿನಲ್ಲಿ ಥಾಮ್ಸನ್ ಮೆಜೆಸ್ಟಿ ಎಂಬ ಪ್ರಯಾಣಿಕರ ಹಡಗು ಡ್ರಿಲ್ ಮಾಡುತ್ತಿತ್ತು. ಬೋಟು ನೀರಿಗಿಳಿದು ಬಂದಾಗಿತ್ತು. ಮೇಲೆತ್ತುವಾಗ ಮುಂದಿನ ವೈರ್ ತುಂಡಾಯಿತು. ಎಂಟು ಜನರಿದ್ದ ಬೋಟು ಸುಮಾರು 20 ಮೀಟರ್ ಕೆಳಗೆ ನೀರಿಗೆ ಮಗುಚಿ ಬಿತ್ತು. ಐದು ಜನ ಸತ್ತರು, ಮೂವರಿಗೆ ಗಾಯವಾಯಿತು. ಐದು ವರ್ಷದೊಳಗೆ ವೈರ್ ಬದಲಿಸಬೇಕೆಂಬ ನಿಯಮವಿದೆ. ಆ ವೈರ್ ಹಾಕಿ ಆಗಿದ್ದು ಬರೀ ಎರಡೂವರೆ ವರ್ಷ. ಬೋಟು ಗೂಡಿನಲ್ಲಿ ಕೂತಿರುವಾಗ ಡೇವಿಟ್ಟಿನ ರಾಟೆಯ ಮೇಲೆ ಬಗ್ಗಿ ಕೂತಿರುತ್ತದಲ್ಲ, ವೈರ್ ಆ ಜಾಗದಲ್ಲಿ ಒಳಗಿನಿಂದ ತುಕ್ಕು ಹಿಡಿದಿತ್ತು.

ಇದರಿಂದ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ರಾಟೆಯ ಮೇಲಿನ ಆ ತುಂಡು ಬೋಟು ಗೂಡಿನಲ್ಲಿದ್ದಾಗ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. ಗ್ರೀಸ್ ಹಚ್ಚುವವರ ಕೈಯೂ ಅಲ್ಲಿಗೆ ಪೂರ್ತಿ ಹೋಗುವುದಿಲ್ಲ. ಬೋಟು ಇಳಿದಾಗ ಮಾತ್ರ ಅದು ರಾಟೆಯಿಂದ ಹೊರಬಂದು ಬಯಲಿಗೆ ಬರುತ್ತದೆ. ಬೋಟನ್ನು ನೀರಿಗೆ ಬಿಡುವ ಪ್ರತಿ ಡ್ರಿಲ್ಲೂ ಅದನ್ನು ನೋಡುವ ಅವಕಾಶ. ಗ್ರೀಸ್ ಒರೆಸಿ ನೋಡಿ. ಮೇಲೆ ಕಪ್ಪಗೆ ಹೊಳೆಯುವ ಗ್ರೀಸ್ ಇದ್ದು ಒಳಗೆ ಕೆಂಪು ಪುಡಿ ಬಂದರೆ ಆಫೀಸರನ್ನು ಕರೆದು ತೋರಿಸಿ.

ಐದು ಜನ ಒಳಗೆ ಕೂತು ಬಂದದ್ದು ಸರಿಯೇ? ಡೇವಿಟ್ಟಿಗೆ ಬೋಟಿನ ಸಿಬ್ಬಂದಿಯ ಸಮೇತ ಎತ್ತುವ ಶಕ್ತಿ ಇರಬೇಕು ಎಂದು ನಿಯಮ ಹೇಳುತ್ತದೆ. ಎಲ್ಲರೂ ಒಳಗಿರಲೇಬೇಕು ಎಂದು ಹೇಳುವುದಿಲ್ಲ. ನಾನಾಗಿದ್ದರೆ ಹುಕ್ ನೋಡಲು ಎಷ್ಟು ಜನ ಬೇಕೋ ಅಷ್ಟೇ ಇಟ್ಟುಕೊಂಡು, ಸಮುದ್ರ ಶಾಂತವಿದ್ದರೆ ಉಳಿದವರನ್ನು ಏಣಿಯ ಮೇಲೆ ಹತ್ತಿಸುತ್ತಿದ್ದೆ. ಸ್ವೆಲ್ ಇದ್ದರೆ ಆ ಹಗ್ಗದ ಏಣಿಯೂ ಅಪಾಯವೇ. ಇದನ್ನು ಡ್ರಿಲ್ಲಿಗೆ ಮೊದಲು ಮೀಟಿಂಗ್‌ನಲ್ಲೇ ತೀರ್ಮಾನಿಸಬೇಕು. ನೀರಿನ ಮೇಲೆ ನಿಂತು ಕೂಗಾಡಿ ತೀರ್ಮಾನಿಸುವ ವಿಷಯ ಇದಲ್ಲ. ಒಳಗೆ ಉಳಿದವರು ಸೀಟಿನಲ್ಲಿ ಬೆಲ್ಟ್ ಕಟ್ಟಿ ಕೂರಬೇಕು. ತಲೆ, ಕೈ ಕಿಟಕಿಯ ಹೊರಗೆ ಇರಬಾರದು.

ಕೊನೆಯ ಒಂದಡಿಯಲ್ಲೂ ಎಚ್ಚರ ಬೇಕು. ಡೇವಿಟ್ಟಿನ ತೋಳು ತಡೆಗೆ ಬಡಿಯುವ ಮೊದಲೇ ಲಿಮಿಟ್ ಸ್ವಿಚ್ ಕರೆಂಟ್ ಕಡಿಯಬೇಕು. ಕಡಿಯದಿದ್ದರೆ ಮೋಟಾರ್ ಎಳೆಯುತ್ತಲೇ ಇರುತ್ತದೆ, ವೈರ್ ತುಂಡಾಗುವವರೆಗೂ. ನಾನು ಕಂಡ ಒಬ್ಬ ಸಾರಂಗರು ಎತ್ತುವ ಮೊದಲು ಪ್ರತಿ ಸಲವೂ ವಿಂಚ್ ಓಡಿಸಿ, ಆ ಸ್ವಿಚ್ಚನ್ನು ಕೈಯಲ್ಲಿ ಒತ್ತಿ, ಮೋಟಾರ್ ನಿಲ್ಲುತ್ತದೆಯೇ ಎಂದು ನೋಡುತ್ತಿದ್ದರು. ಯಾರೂ ಹೇಳಿಕೊಟ್ಟು ಮಾಡಿಸಿದ್ದಲ್ಲ. ಸ್ವಿಚ್ ಕಡಿದ ಮೇಲೆ ಉಳಿದ ಚೂರನ್ನು ಕೈ ಹಿಡಿಯಿಂದ ತಿರುಗಿಸಿ ತರಬೇಕು. ಆ ಹಿಡಿ ವಿಂಚ್‌ನಲ್ಲಿ ಇರುವಾಗ ಯಾರೂ ಬಟನ್ ಮುಟ್ಟಬಾರದು. ಹಿಡಿ ಗಿರಗಿರ ತಿರುಗಿದರೆ ಮುಂದೆ ನಿಂತವನ ಮುಖಕ್ಕೆ ಬರುತ್ತದೆ.

ಮುಂದೆ ನೀವು ಕಲ್ಲಿದ್ದಲು, ಧಾನ್ಯದಂಥ ಸರಕನ್ನು ರಾಶಿಯಾಗಿ ತುಂಬುವ ಬಲ್ಕ್ ಹಡಗಿಗೆ ಹೋಗಬಹುದು. ಅಲ್ಲಿ ಹಿಂಬದಿಯಿಂದ ಜಾರಿ ಧುಮುಕುವ ಫ್ರೀ-ಫಾಲ್ ಬೋಟ್ ಇರುತ್ತದೆ. 2006ರ ಜುಲೈಯಿಂದ ಕಟ್ಟಿದ ಬಲ್ಕ್ ಹಡಗುಗಳಿಗೆ ಅದು ಕಡ್ಡಾಯ. ಅದನ್ನು ಎತ್ತುವುದು ಪಟ್ಟಿ ಹಾಕಿ, ಬೋಟಿನ ಬೆನ್ನಿಗೆ ಸಿಕ್ಕಿಸಿ. ಅಲ್ಲಿ ಕಷ್ಟ ಹುಕ್ಕಿನದಲ್ಲ, ಒದ್ದೆಯಾದ ಆ ದುಂಡನೆಯ ಬೆನ್ನಿನ ಮೇಲೆ ನಿಲ್ಲುವುದು.

ಕೆಡೆಟ್ ಆದ ನಾನು ಇದನ್ನೆಲ್ಲ ಹೇಗೆ ಹೇಳಲಿ ಎಂದು ನಿಮಗೆ ಅನಿಸಬಹುದು. ಎತ್ತುವ ಕೆಲಸದಲ್ಲಿ 'ಸ್ಟಾಪ್' ಎನ್ನುವ ಮಾತನ್ನು ಯಾರು ಬೇಕಾದರೂ ಹೇಳಬಹುದು, ಹೇಳಿದ ಕೂಡಲೇ ನಿಲ್ಲಿಸಬೇಕು. ಕಾರಣ ಕೇಳುವುದು ಆಮೇಲೆ. ಈ ಒಪ್ಪಂದ ಇದೆಯೇ ಎಂದು ಮುಂದಿನ ಡ್ರಿಲ್ಲಿನ ಮೀಟಿಂಗ್‌ನಲ್ಲಿ ಚೀಫ್ ಆಫೀಸರನ್ನು ಕೇಳಿ. 'ಸಾರ್, ನೀರು ಬಿಟ್ಟ ಮೇಲೆ ಹುಕ್ ನೋಡಲು ಒಂದು ನಿಮಿಷ ನಿಲ್ಲಿಸುತ್ತೀರಾ? ಮುಂದಿನದನ್ನು ನಾನು ನೋಡುತ್ತೇನೆ' ಅಂತ ಹೇಳಿ. ಒಳ್ಳೆಯ ಆಫೀಸರ್ ಯಾರೂ ಇಲ್ಲ ಎನ್ನುವುದಿಲ್ಲ.

ಅದಕ್ಕೂ ಮೊದಲು ಈ ವಾರದಲ್ಲೇ ಒಂದು ಕೆಲಸ ಮಾಡಿ. ಥರ್ಡ್ ಆಫೀಸರ್ ಜೊತೆ ಬೋಟಿಗೆ ಹೋಗಿ. ಹ್ಯಾಂಡಲ್ ಮುಟ್ಟಬೇಡಿ, ಪಿನ್ ಮುಟ್ಟಬೇಡಿ. ಟಾರ್ಚ್ ಹಿಡಿದು ಮುಂದಿನ ಹುಕ್ಕನ್ನೂ ಹಿಂದಿನದನ್ನೂ ನೋಡಿ, ನಿಮ್ಮ ಟ್ರೈನಿಂಗ್ ರೆಕಾರ್ಡ್ ಬುಕ್ಕಿನಲ್ಲಿ ಚಿತ್ರ ಬಿಡಿಸಿ. ಬಾಲ ಎಲ್ಲಿ, ಕ್ಯಾಮ್ ಎಲ್ಲಿ, ಗೆರೆ ಎಲ್ಲಿ ಎಂದು ಗುರುತು ಹಾಕಿ. ಗೆರೆಯ ಮೇಲೆ ಬಣ್ಣ ಬಿದ್ದಿದ್ದರೆ ಥರ್ಡ್ ಆಫೀಸರಿಗೆ ತೋರಿಸಿ, ಅವತ್ತೇ ಒರೆಸಿ ಕೆಂಪಗೆ ಕಾಣುವ ಹಾಗೆ ಮಾಡಿಸಿ.